ಕವರ್‌ನಲ್ಲಿ ಒಂದು ಕೊಡ, ಎಂಡ್‌ಪೇಪರ್‌ನಲ್ಲಿ ಒಂದು ಅಂಗಳ

ಪ್ರಶ್ನೆ: ಹೂಗಿಡವಾಗುವ ಹುಡುಗಿಯ ಜನಪದ ಕಥೆಯನ್ನು 48 ಪುಟಗಳ ಕಾಮಿಕ್ಸ್ ಮಾಡಿದ್ದೇನೆ. ಒಳಪುಟಗಳೆಲ್ಲ ಮುಗಿದಿವೆ. ಸೈಜು 210 × 280 ಮಿ.ಮೀ. ಪ್ರಕಾಶಕರು ಗಟ್ಟಿ ರಟ್ಟಿನ ಬೈಂಡಿಂಗ್ ಮಾಡಿಸುತ್ತಾರಂತೆ. ಕವರ್ ಜೊತೆಗೆ ಎಂಡ್‌ಪೇಪರ್‌ಗೂ, ಅಂದರೆ ರಟ್ಟಿನ ಒಳಬದಿಗೆ ಅಂಟಿಸುವ ಹಾಳೆಗೂ, ಚಿತ್ರ ಕೊಡಿ ಅಂದಿದ್ದಾರೆ. ಕವರ್‌ಗೆ ಮೂರು ಸ್ಕೆಚ್ ಮಾಡಿ ಕಳಿಸಿದ್ದೇನೆ: ಕೈಗಳು ಕೊಂಬೆಯಾಗುತ್ತಿರುವ ಹುಡುಗಿ, ಮರದ ಕೆಳಗೆ ರಾಜಕುಮಾರ ಮತ್ತು ಹುಡುಗಿ, ಬರೀ ಹೂಗಳ ವಿನ್ಯಾಸ. ಯಾವುದೂ ಮನಸ್ಸಿಗೆ ಹಿಡಿಸುತ್ತಿಲ್ಲ. ಎಂಡ್‌ಪೇಪರ್ ಅಂತೂ ಎಲ್ಲಿಂದ ಶುರು ಮಾಡಬೇಕೋ ಗೊತ್ತಾಗುತ್ತಿಲ್ಲ. ಮುಂದೆ ಇದೇ ಸರಣಿಯಲ್ಲಿ ಇನ್ನೆರಡು ಕಥೆ ಬರಬೇಕು. ದಾರಿ ತೋರಿಸುತ್ತೀರಾ?

ಉತ್ತರ:

ಮೊದಲನೇ ಸ್ಕೆಚ್‌ನಿಂದಲೇ ಶುರು ಮಾಡೋಣ. ಮೂರರಲ್ಲಿ ಅದೇ ಚೆನ್ನಾಗಿ ಬಂದಿದೆ. ಬೆರಳ ತುದಿಯಲ್ಲಿ ಚಿಗುರೊಡೆಯುವುದು, ಕೂದಲಿನ ಗೆರೆ ಹಾಗೇ ಮುಂದುವರಿದು ಎಲೆಯಾಗುವುದು, ಎರಡೂ ಕಣ್ಣನ್ನು ಹಿಡಿದು ನಿಲ್ಲಿಸುತ್ತವೆ. ಆದರೂ ಅದನ್ನು ಕವರ್‌ಗೆ ಹಾಕಬೇಡಿ. ಕಾರಣ ಕಥೆಯಲ್ಲೇ ಇದೆ.

ಕವಿ, ಜಾನಪದ ವಿದ್ವಾಂಸ ಎ.ಕೆ. ರಾಮಾನುಜನ್ ಕರ್ನಾಟಕದಲ್ಲಿ ಸಂಗ್ರಹಿಸಿದ ಕಥೆ ಇದು. ಅವರು ತೀರಿಕೊಂಡ ಮೇಲೆ, 1997ರಲ್ಲಿ ಬಂದ ಅವರ ಜನಪದ ಕಥೆಗಳ ಇಂಗ್ಲಿಷ್ ಸಂಗ್ರಹಕ್ಕೆ ಈ ಕಥೆಯ ಹೆಸರನ್ನೇ ಇಟ್ಟಿದ್ದಾರೆ. ನಿಮಗೆ ಕಥೆ ಗೊತ್ತು, ಬೇರೆ ಓದುಗರಿಗಾಗಿ ಚುಟುಕಾಗಿ ಹೇಳುತ್ತೇನೆ. ಬಡ ತಾಯಿಗೆ ಇಬ್ಬರು ಹೆಣ್ಣುಮಕ್ಕಳು. ತಾಯಿಯ ಕಷ್ಟ ನೋಡಲಾರದೆ ಕಿರಿಯಳು ಅಕ್ಕನಿಗೆ ಹೇಳುತ್ತಾಳೆ: ಮನೆ, ಅಂಗಳ ಗುಡಿಸಿ ಸಾರಿಸು. ಸ್ನಾನ ಮಾಡಿ, ಉಗುರು ತಾಗದ ಹಾಗೆ ಎರಡು ಕೊಡ ನೀರು ತಾ. ಒಂದು ಕೊಡ ನನ್ನ ಮೇಲೆ ಸುರಿದರೆ ಹೂಗಿಡ ಆಗುತ್ತೇನೆ. ಚಿಗುರು ಮುರಿಯದೆ, ಎಲೆ ಹರಿಯದೆ ಹೂ ಬಿಡಿಸಿಕೋ. ಆಮೇಲೆ ಇನ್ನೊಂದು ಕೊಡ ಸುರಿ, ಮತ್ತೆ ಹುಡುಗಿ ಆಗುತ್ತೇನೆ. ಆ ಹೂ ಅರಮನೆಗೆ ಹೋಗುತ್ತದೆ, ರಾಜಕುಮಾರ ಅವಳನ್ನು ಮದುವೆಯಾಗುತ್ತಾನೆ. ನಾದಿನಿ ಮತ್ತು ಅವಳ ಗೆಳತಿಯರು ಬಲವಂತ ಮಾಡಿ ಅವಳನ್ನು ಗಿಡ ಮಾಡಿಸುತ್ತಾರೆ. ಕೊಂಬೆ ಮುರಿಯುತ್ತಾರೆ, ಎಲೆ ಹರಿಯುತ್ತಾರೆ, ಎರಡನೇ ಕೊಡದ ನೀರನ್ನು ಹೇಗೆಂದರೆ ಹಾಗೆ ಚೆಲ್ಲಿ ಹೋಗುತ್ತಾರೆ. ಅವಳು ಕೈಕಾಲಿಲ್ಲದೆ, ಅತ್ತ ಗಿಡವೂ ಅಲ್ಲ, ಇತ್ತ ಹುಡುಗಿಯೂ ಅಲ್ಲ ಅನ್ನುವ ಹಾಗೆ ಉಳಿದುಬಿಡುತ್ತಾಳೆ. ಎಷ್ಟೋ ಕಾಲದ ಮೇಲೆ ಗಂಡನೇ ಮತ್ತೆ ನೀರು ಸುರಿದು, ಮುರಿದ ಕೊಂಬೆಗಳನ್ನು ನೆಟ್ಟಗೆ ಮಾಡಿ ಕಟ್ಟಿ, ಅವಳನ್ನು ಉಳಿಸಿಕೊಳ್ಳುತ್ತಾನೆ.

ಈಗ ನಿಮ್ಮ ಸ್ಕೆಚ್ ನೋಡಿ. ಅರ್ಧ ಗಿಡ, ಅರ್ಧ ಹುಡುಗಿ. ಈ ಕಥೆಯಲ್ಲಿ ಆ ಅರ್ಧ ಸ್ಥಿತಿಯೇ ಗಾಯ. ಅವಳಿಗೆ ಆದ ಅನ್ಯಾಯವೇ ಅದು. ಅದನ್ನು ಚೆಂದದ ಅಲಂಕಾರ ಮಾಡಿ ಹೊರಗೆ ಹಾಕಿದರೆ ಕಥೆಯನ್ನೇ ತಲೆಕೆಳಗು ಓದಿದ ಹಾಗಾಗುತ್ತದೆ. ಇನ್ನೊಂದು ಕಾರಣ ಕಾಮಿಕ್ಸ್‌ಗೆ ಸೇರಿದ್ದು. ಹುಡುಗಿ ಮೊದಲ ಸಲ ಗಿಡವಾಗುವುದನ್ನು ನೀವು ಪುಟ 10 ಮತ್ತು 11ರಲ್ಲಿ ಅಕ್ಕಪಕ್ಕ, ಪೂರ್ತಿ ಹರಡಿ ಬರೆದಿದ್ದೀರಿ. ಪುಸ್ತಕದ ಅತಿ ದೊಡ್ಡ ಚಿತ್ರ ಅದು. ಮಗು ಹಿಂದಿನ ಪುಟ ತಿರುಗಿಸಿದಾಗ ಅದು ಎದುರಿಗೆ ಬಂದು ನಿಲ್ಲಬೇಕು. ಕವರ್‌ನಲ್ಲೇ ನೋಡಿಬಿಟ್ಟಿದ್ದರೆ ಆ ತಿರುಗಿಸುವಿಕೆಗೆ ಏನೂ ಉಳಿಯುವುದಿಲ್ಲ.

ಎರಡನೇ ಸ್ಕೆಚ್ ಯಾವ ರಾಜಕುಮಾರನ ಕಥೆಗೂ ಸಲ್ಲುತ್ತದೆ. ಅಷ್ಟು ಹೇಳಿದರೆ ಸಾಕು. ಮೂರನೆಯದು ಕೆಟ್ಟದ್ದಲ್ಲ, ಆದರೆ ಅದರ ಜಾಗ ಬೇರೆ. ಅದಕ್ಕೆ ಆಮೇಲೆ ಬರುತ್ತೇನೆ.

ಹಾಗಾದರೆ ಕವರ್‌ನಲ್ಲಿ ಏನು ಬರೀಬೇಕು? ಅಡಗೂಲಜ್ಜಿ ಕಥೆಗಳ ಕವರ್ ಕೈಗೆತ್ತಿಕೊಂಡಾಗ ನಾನು ಮೊದಲು ಹುಡುಕುವುದು ಕಥೆಯ ಕಟ್ಟಳೆಯನ್ನು. ಇಂಥ ಕಥೆಗಳೆಲ್ಲ ಒಂದು ಕಟ್ಟಳೆಯ ಮೇಲೆ ನಿಂತಿರುತ್ತವೆ. ಹನ್ನೆರಡು ಗಂಟೆ ಹೊಡೆಯುವುದರೊಳಗೆ ಮನೆಗೆ ಬಾ. ಈ ಒಂದು ಕೋಣೆಯ ಬಾಗಿಲು ಮಾತ್ರ ತೆಗೆಯಬೇಡ. ಏಳು ಸಮುದ್ರದಾಚೆ ಇರುವ ಗಿಳಿಯಲ್ಲಿ ರಾಕ್ಷಸನ ಪ್ರಾಣ ಇದೆ, ಗಿಳಿಯ ಕತ್ತು ಮುರಿದರೆ ಅವನು ಸಾಯುತ್ತಾನೆ. ಕಟ್ಟಳೆ ಇಟ್ಟ ಕ್ಷಣದಿಂದ ಅದು ಮುರಿಯುವವರೆಗೆ ಕೇಳುವವರ ಜೀವ ಬಾಯಿಗೆ ಬಂದಿರುತ್ತದೆ. ಕವರ್ ತೋರಿಸಬೇಕಾದ್ದು ಆ ಕಟ್ಟಳೆ ಇನ್ನೂ ಗಟ್ಟಿಯಾಗಿರುವ ಗಳಿಗೆಯನ್ನು. ಬಾಗಿಲು ಮುಚ್ಚಿದೆ, ಕೀಲಿಕೈ ಕೈಯಲ್ಲಿದೆ. ಗಡಿಯಾರದಲ್ಲಿ ಇನ್ನೂ ಹನ್ನೊಂದೂಕಾಲು. ದೃಶ್ಯ ಎಷ್ಟೇ ಚೆಂದ ಇರಲಿ, ಕಟ್ಟಳೆ ಮುರಿದ ಮೇಲಿನದ್ದಾದರೆ ಅದು ಒಳಪುಟಕ್ಕೆ ಸೇರಿದ್ದು.

ನಿಮ್ಮ ಕಥೆಯ ಕಟ್ಟಳೆ ಎರಡು ಕೊಡ ನೀರು ಮತ್ತು ಉಗುರು. ಹಾಗಾಗಿ ನಾನಾಗಿದ್ದರೆ ಹೀಗೆ ಬರೆಯುತ್ತಿದ್ದೆ. ಕವರ್‌ನ ಕೆಳಭಾಗದಲ್ಲಿ ಹುಡುಗಿ ಕಣ್ಣು ಮುಚ್ಚಿ ಕೂತಿದ್ದಾಳೆ. ಮೇಲೆ ಬಲಗಡೆಯಿಂದ ಎರಡು ಕೈ ಬಂದಿವೆ, ಅಕ್ಕನ ಕೈ. ಮುಖ ಕಾಣುವುದಿಲ್ಲ. ಕೈಯಲ್ಲಿ ಬಾಗಿಸಿದ ಕೊಡ. ನೀರು ಕೊಡದ ಬಾಯಂಚಿಗೆ ಬಂದು ಉಬ್ಬಿ ನಿಂತಿದೆ, ಇನ್ನೂ ಬಿದ್ದಿಲ್ಲ.

ಆ ಕೈಗಳ ಮೇಲೆ ಎಷ್ಟು ಹೊತ್ತು ಕೂತರೂ ಕಡಿಮೆಯೇ. ಸಾಮಾನ್ಯವಾಗಿ ಕೊಡ ಬಗ್ಗಿಸುವಾಗ ಒಂದು ಕೈ ಬುಡದಲ್ಲಿ, ಇನ್ನೊಂದು ಕೈ ಕೊರಳಿನಲ್ಲಿ ಇರುತ್ತದೆ. ಕೊರಳಿನ ಕೈಯ ಬೆರಳು ಬಾಯಂಚಿಗೆ ಸುತ್ತಿಕೊಂಡಿರುತ್ತದೆ. ಇಲ್ಲಿ ಹಾಗಾಗಕೂಡದು, ಉಗುರು ನೀರಿಗೆ ತಾಗುತ್ತದೆ. ಅದಕ್ಕೆ ಅಕ್ಕ ಬೆರಳುಗಳನ್ನು ಒಳಕ್ಕೆ ಮಡಚಿ, ಅಂಗೈಯ ದಿಂಡಿನಲ್ಲೇ ಕೊಡವನ್ನು ಒತ್ತಿ ಹಿಡಿಯಬೇಕು. ಹಿಡಿತ ಸ್ವಲ್ಪ ಅಸಹಜವಾಗಿ ಕಾಣಬೇಕು, ಮಣಿಕಟ್ಟಿನ ನರ ಬಿಗಿಯಬೇಕು. ಸರಿಯಾಗಿ ಬಂದರೆ ಮಗು ಕೇಳಿಯೇ ಕೇಳುತ್ತದೆ: ಯಾಕೆ ಹಾಗೆ ಹಿಡ್ಕೊಂಡಿದಾಳೆ? ಆ ಪ್ರಶ್ನೆ ಹುಟ್ಟಿದರೆ ಕವರ್ ತನ್ನ ಕೆಲಸ ಮಾಡಿತು. ಮನೆಯಲ್ಲಿ ಯಾರಿಗಾದರೂ ಕೊಡ ಕೊಟ್ಟು ಹಾಗೆ ಹಿಡಿಯಲು ಹೇಳಿ ಫೋಟೋ ತೆಗೆದುಕೊಳ್ಳಿ. ಕೊಡದಲ್ಲಿ ನಿಜವಾಗಲೂ ನೀರಿರಲಿ. ಖಾಲಿ ಕೊಡ ಹಿಡಿದ ಕೈಗೂ ತುಂಬಿದ ಕೊಡ ಹಿಡಿದ ಕೈಗೂ ಭುಜದವರೆಗೂ ವ್ಯತ್ಯಾಸ ಇರುತ್ತದೆ.

ಎರಡನೇ ಕೊಡ ಎಲ್ಲಿ? ಹಿಂದಿನ ಕವರ್‌ನಲ್ಲಿ. ಅಲ್ಲಿ ಮನುಷ್ಯರು ಬೇಡ. ಸಾರಿಸಿದ ಅಂಗಳ, ಮರದ ಬುಡ, ತುಂಬಿದ ಒಂದು ಕೊಡ ಸಾಕು. ಪುಸ್ತಕವನ್ನು ಬಿಡಿಸಿ ಬೋರಲು ಹಾಕಿದರೆ ಮುಂದಿನದ್ದೂ ಹಿಂದಿನದ್ದೂ ಸೇರಿ ಒಂದೇ ಚಿತ್ರ ಆಗಬೇಕು. ಕಥೆ ಓದಿದವರಿಗೆ ಆ ಎರಡನೇ ಕೊಡದ ಬೆಲೆ ಗೊತ್ತಿರುತ್ತದೆ. ಬಾರ್‌ಕೋಡ್‌ಗೆ ಈಗಲೇ ಜಾಗ ಬಿಟ್ಟುಕೊಳ್ಳಿ. ಪೂರ್ಣ ಅಳತೆಯಲ್ಲಿ ಅದು ಸುಮಾರು 37 × 26 ಮಿ.ಮೀ. ಬೇಕಾದರೆ ಶೇ. 80ಕ್ಕೆ ಇಳಿಸಬಹುದು, ಅದಕ್ಕಿಂತ ಕೆಳಗೆ ಬೇಡ. ಬಿಳಿ ಮೇಲೆ ಕಪ್ಪು ಇರಲಿ. ಅಂಗಳದ ಖಾಲಿ ಜಾಗದಲ್ಲಿ ಇಟ್ಟರೆ ಯಾರ ಕಣ್ಣಿಗೂ ಚುಚ್ಚುವುದಿಲ್ಲ. ಚಿತ್ರ ಮುಗಿದ ಮೇಲೆ ಬೇರೆ ಯಾರೋ ಬಂದು ಕೊಡದ ಮೇಲೆ ಅಂಟಿಸುವ ಹಾಗೆ ಆಗಬಾರದು ಅಲ್ವಾ?

ಶೀರ್ಷಿಕೆಗೆ ಕೊಡದ ಬಾಯಿ ಮತ್ತು ಹುಡುಗಿಯ ತಲೆ, ಇವೆರಡರ ನಡುವಿನ ಜಾಗ ಕೊಡಿ. ನೀರು ಬೀಳಬೇಕಾದ ದಾರಿಯಲ್ಲೇ ಅಕ್ಷರ ಕೂರುತ್ತದೆ. ಕನ್ನಡದಲ್ಲಿ ಇದಕ್ಕೆ ಸ್ವಲ್ಪ ಲೆಕ್ಕಾಚಾರ ಬೇಕು. ಒತ್ತಕ್ಷರ ಕೆಳಗೆ ಇಳಿಯುತ್ತದೆ, ಗುಡಿಸು (ಇಕಾರದ ಗುರುತು) ಮೇಲೆ ಏರುತ್ತದೆ. ಎರಡು ಸಾಲಿನ ಶೀರ್ಷಿಕೆಯಾದರೆ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಡಿಸಿಗೆ ಬಡಿಯುತ್ತದೆ. ಸಾಲುಗಳ ಅಂತರ ಜಾಸ್ತಿ ಮಾಡಿದರೆ ಶೀರ್ಷಿಕೆ ಎರಡು ತುಂಡಾಗಿ ಕಾಣುತ್ತದೆ. ಹಾಗಾಗಿ ಕೈಬರಹವೇ ಒಳ್ಳೆಯದು. ಎಲ್ಲಿ ಒತ್ತು ಬರುತ್ತದೋ ಅದರ ಕೆಳಗೆ ಗುಡಿಸಿಲ್ಲದ ಅಕ್ಷರ ಬರುವ ಹಾಗೆ ಸಾಲು ಮುರಿಯಿರಿ. ನಿಮ್ಮ ಗೆರೆಗೆ ಹೊಂದುವ ಫಾಂಟ್ ಬೇಕೇ ಬೇಕು ಅಂದರೆ ಬಾಲೂ ತಮ್ಮ, ಅಕಾಯ ಕನಡಕ, ಹುಬ್ಬಳ್ಳಿ ಇವನ್ನು ಒಮ್ಮೆ ಹಾಕಿ ನೋಡಿ. ಮೂರೂ ಯುನಿಕೋಡ್, ಮೂರೂ ಉಚಿತ, ಮೂರಕ್ಕೂ ಸ್ವಂತ ಮುಖ ಇದೆ. ಪುಟವಿನ್ಯಾಸದ ಸಾಫ್ಟ್‌ವೇರ್ ಇನ್‌ಡಿಸೈನ್‌ನಲ್ಲಿ ಕೂರಿಸುವುದಾದರೆ ಅದರಲ್ಲಿರುವ ವರ್ಲ್ಡ್-ರೆಡಿ ಕಂಪೋಸರ್ ಆರಿಸಿಕೊಳ್ಳಿ. ಇಲ್ಲದಿದ್ದರೆ ಒತ್ತಕ್ಷರ ಬಿಡಿಬಿಡಿಯಾಗಿ ಬೀಳಬಹುದು. ಪ್ರೆಸ್‌ಗೆ ಕೊಡುವ ಮುಂಚೆ ಶೀರ್ಷಿಕೆಯನ್ನು ಔಟ್‌ಲೈನ್ ಮಾಡಿ (ಅಕ್ಷರಗಳನ್ನು ಗೆರೆಯ ಚಿತ್ರವಾಗಿ ಬದಲಿಸಿ), ಆಮೇಲೆ ಮತ್ತೊಮ್ಮೆ ಒಂದೊಂದೇ ಅಕ್ಷರ ಓದಿ.

ಆಮೇಲೆ ಕವರನ್ನು ಫೋನಿನಲ್ಲಿ ಎರಡು ಸೆಂಟಿಮೀಟರ್ ಅಗಲಕ್ಕೆ ಇಳಿಸಿ ನೋಡಿ. ಈಗ ಹೆಚ್ಚಿನವರು ಪುಸ್ತಕವನ್ನು ಮೊದಲು ನೋಡುವುದು ಅಷ್ಟೇ ಅಳತೆಯಲ್ಲಿ. ಆ ಸೈಜಿನಲ್ಲಿ ಉಗುರು ಕಾಣುವುದಿಲ್ಲ, ಕಾಣಬೇಕಾಗಿಯೂ ಇಲ್ಲ. ಬಾಗಿದ ಕೊಡದ ಆಕಾರ, ಕೂತ ಹುಡುಗಿಯ ಆಕಾರ, ಶೀರ್ಷಿಕೆ, ಈ ಮೂರು ಬೇರೆ ಬೇರೆಯಾಗಿ ಕಂಡರೆ ಆಯಿತು.

ಬಣ್ಣದ ಬಗ್ಗೆ ಒಂದು ಮಾತು ಗಟ್ಟಿಯಾಗಿ ಹೇಳುತ್ತೇನೆ. ಒಳಗೆ ನೀವು ತೆಳು ಜಲವರ್ಣ ಮತ್ತು ಶಾಯಿ ಗೆರೆ ಬಳಸಿದ್ದೀರಿ. ಕವರ್‌ಗೂ ಅದೇ ಇರಲಿ. ಕವರ್ ಮಾತ್ರ ದಟ್ಟವಾಗಿ, ಫಳಫಳ ಹೊಳೆಯುವ ಡಿಜಿಟಲ್ ಪೇಂಟಿಂಗ್ ಮಾಡಿ, ಒಳಗೆ ಬೇರೆಯೇ ಕೈಯ ಕೆಲಸ ಇಡುವುದು ಕಾಮಿಕ್ಸ್‌ನಲ್ಲಿ ಹಳೆಯ ರೂಢಿ. ನನಗೆ ಅದು ಒಪ್ಪಿಗೆ ಇಲ್ಲ. ಹೊರಗೆ ಕಂಡದ್ದು ಒಳಗೆ ಸಿಗಲಿಲ್ಲ ಅನ್ನುವುದು ಮಕ್ಕಳಿಗೆ ಮೊದಲ ಪುಟದಲ್ಲೇ ಗೊತ್ತಾಗುತ್ತದೆ.

ಇನ್ನು ಎಂಡ್‌ಪೇಪರ್. ಮೊದಲು ಅದು ಏನು ಕೆಲಸ ಮಾಡುತ್ತದೆ ಅಂತ ತಿಳಿದರೆ ಏನು ಬರೆಯಬೇಕು ಅನ್ನುವುದು ತಾನಾಗಿ ಹೊಳೆಯುತ್ತದೆ. ಅದು ನಡುವೆ ಮಡಿಸಿದ ಒಂದು ಹಾಳೆ. ಅರ್ಧ ರಟ್ಟಿಗೆ ಅಂಟಿರುತ್ತದೆ, ಇನ್ನರ್ಧ ಬಿಡಿ ಹಾಳೆಯಾಗಿ ನಿಲ್ಲುತ್ತದೆ. ಆ ಬಿಡಿ ಹಾಳೆಯ ಬೆನ್ನಿನಂಚು ನಾಲ್ಕೈದು ಮಿ.ಮೀ.ನಷ್ಟು ಮೊದಲ ಫಾರಂಗೆ, ಅಂದರೆ ಒಟ್ಟಿಗೆ ಮಡಿಸಿದ ಒಳಪುಟಗಳ ಮೊದಲ ಕಂತೆಗೆ, ಅಂಟಿರುತ್ತದೆ. ಅಂದರೆ ಪುಸ್ತಕದ ಒಡಲನ್ನೂ ರಟ್ಟನ್ನೂ ಹಿಡಿದಿಡುವ ಮುಖ್ಯ ಆಸರೆಗಳಲ್ಲಿ ಇದೂ ಒಂದು. ಅದಕ್ಕೇ ಇದಕ್ಕೆ ತೆಳು ಕಾಗದ ಆಗುವುದಿಲ್ಲ. 120ರಿಂದ 150 ಜಿಎಸ್‌ಎಂ (ಒಂದು ಚದರ ಮೀಟರ್ ಕಾಗದದ ತೂಕ, ಗ್ರಾಂ ಲೆಕ್ಕದಲ್ಲಿ), ಹೊಳಪಿಲ್ಲದ ಮ್ಯಾಪ್‌ಲಿಥೋ ಥರದ್ದು ಬೇಕು. ಹೊಳಪಿನ ಆರ್ಟ್ ಪೇಪರ್ ಹಾಕಿದರೆ ಮಡಿಕೆಯಲ್ಲಿ ಶಾಯಿ ಬಿರಿದು ಬಿಳಿ ಗೆರೆ ಏಳುತ್ತದೆ, ಗಾಢ ಬಣ್ಣವಾದರಂತೂ ಇನ್ನೂ ಜಾಸ್ತಿ.

ಪ್ರಕಾಶಕರನ್ನು ಒಂದು ವಿಷಯ ಈಗಲೇ ಕೇಳಿ. ಎಂಡ್‌ಪೇಪರ್ ಬೇರೆ ಹಾಳೆಯೋ, ಅಥವಾ 48 ಪುಟಗಳಲ್ಲೇ ಮೊದಲ ಮತ್ತು ಕೊನೆಯ ಹಾಳೆಯನ್ನು ರಟ್ಟಿಗೆ ಅಂಟಿಸುತ್ತಾರೋ? ಖರ್ಚು ಉಳಿಸಲು ಎರಡನೆಯ ದಾರಿ ಹಿಡಿಯುವುದುಂಟು. ಹಾಗೆ ಮಾಡಿದರೆ ಪುಟ 1 ರಟ್ಟಿನ ಅಡಿಗೆ ಹೋಗುತ್ತದೆ, 2 ಮತ್ತು 3 ಎಂಡ್‌ಪೇಪರ್ ಆಗುತ್ತವೆ. ಹಿಂದೆಯೂ ಅಷ್ಟೇ: 46, 47 ಎಂಡ್‌ಪೇಪರ್, 48 ಅಂಟಿನ ಅಡಿ. ಒಟ್ಟು ಆರು ಪುಟ ಕಥೆಯಿಂದ ಹೋಯಿತು. ನಿಮ್ಮ 48 ಪುಟವೂ ತುಂಬಿದೆ. ಹಾಗಾಗಿ ಬೇರೆ ಹಾಳೆಯೇ ಬೇಕು ಅಂತ ಪಟ್ಟು ಹಿಡಿಯಿರಿ.

ಬೇರೆ ಹಾಳೆಯಿಂದ ಇನ್ನೊಂದು ಲಾಭ ಇದೆ. ಒಳಪುಟಗಳಲ್ಲಿ ಎರಡು ಪುಟಕ್ಕೆ ಹರಡಿದ ಚಿತ್ರದ ಎರಡು ಭಾಗಗಳು ಬಹಳ ಸಲ ಬೇರೆ ಬೇರೆ ಹಾಳೆಯ ಮೇಲೆ ಅಚ್ಚಾಗುತ್ತವೆ. ನಡುವೆ ಗೆರೆ ಒಂದು ಕೂದಲಷ್ಟು ಜಾರುತ್ತದೆ, ಬಣ್ಣವೂ ಚೂರು ಬದಲಾಗುತ್ತದೆ. ಎಂಡ್‌ಪೇಪರ್ ಒಂದೇ ಹಾಳೆ. ಎಡದಿಂದ ಬಲಕ್ಕೆ 420 ಮಿ.ಮೀ. ಎಲ್ಲೂ ಕಡಿಯದ ಚಿತ್ರ. ನಿಮ್ಮ ಪುಸ್ತಕದಲ್ಲಿ ಅಷ್ಟು ಅಗಲದ, ಜಾರುವ ಭಯವಿಲ್ಲದ ಜಾಗ ಮುಂದೆ ಒಂದು, ಹಿಂದೆ ಒಂದು, ಅಷ್ಟೇ. ಅಲ್ಲಿ ಅಗಲವಾದದ್ದನ್ನೇ ಬರೆಯಿರಿ.

ಪೀಟರ್ ಮೊಲದ ಕಥೆ ಬರೆದ ಇಂಗ್ಲೆಂಡಿನ ಬಿಯಾಟ್ರಿಕ್ಸ್ ಪಾಟರ್ ಅವರ ಪುಟ್ಟ ಪುಸ್ತಕಗಳಿಗೆ 1903ರಿಂದ ಬಣ್ಣದ ಎಂಡ್‌ಪೇಪರ್ ಬಂತು. ಅವರ ಬೇರೆ ಬೇರೆ ಕಥೆಗಳ ಪ್ರಾಣಿಗಳು ಅಲ್ಲಿ ಬಂದು ಸೇರಿಕೊಂಡವು. ಆದರೆ ಪಾಟರ್ ಅವರ ಸ್ವಂತ ಒಲವು ಬೇರೆ ಇತ್ತು. ಕವರ್ ಮತ್ತು ಕಥೆಯ ನಡುವೆ ಕಣ್ಣಿಗೆ ಕೊಂಚ ವಿಶ್ರಾಂತಿ ಬೇಕು, ಚಿತ್ರಕ್ಕೆ ಕಟ್ಟು ಹಾಕುವಾಗ ಸುತ್ತ ಬಿಡುವ ಖಾಲಿ ಅಂಚಿನ ಹಾಗೆ ಎಂಡ್‌ಪೇಪರ್ ಇರಬೇಕು ಅನ್ನುವುದು ಅವರ ಅಭಿಪ್ರಾಯ. ಕಾಮಿಕ್ಸ್‌ಗೆ ಇದು ಇನ್ನೂ ಹೆಚ್ಚು ಸಲ್ಲುತ್ತದೆ. ಒಳಗೆ ಪುಟಕ್ಕೆ ಐದಾರು ಚೌಕ, ಮಾತಿನ ಗುಳ್ಳೆ, ಓಟ, ಗಲಾಟೆ. ಅದಕ್ಕೆ ಮುಂಚೆ ಒಂದು ಮೌನದ ಜಾಗ ಬೇಕು. ಎಂಡ್‌ಪೇಪರ್‌ನಲ್ಲಿ ಚೌಕ ಬೇಡ, ಗುಳ್ಳೆ ಬೇಡ, ಪಾತ್ರಗಳ ಪಟ್ಟಿ ಬೇಡ.

ನನ್ನ ಸಲಹೆ: ಮುಂದಿನ ಎಂಡ್‌ಪೇಪರ್‌ನಲ್ಲಿ ಬೆಳಗಿನ ಅಂಗಳ. ಕಥೆಯಲ್ಲಿ ಮನೆಯ ಮುಂದೆ ಮರ ಇದೆಯಲ್ಲ, ಅದರ ಬುಡ, ಈಗಷ್ಟೇ ಸಾರಿಸಿದ ನೆಲ, ಪೊರಕೆ ಆಡಿದ ಅರ್ಧಚಂದ್ರದ ಗುರುತು, ಒಂದು ಮೂಲೆಯಲ್ಲಿ ಎರಡು ತುಂಬಿದ ಕೊಡ. ಜನ ಯಾರೂ ಇಲ್ಲ. ಹಿಂದಿನ ಎಂಡ್‌ಪೇಪರ್‌ನಲ್ಲಿ ಅದೇ ಜಾಗ, ಅದೇ ಕೋನ. ಕೊಡ ಎರಡೂ ಖಾಲಿ, ನೆಲ ಒದ್ದೆ, ಅಲ್ಲಲ್ಲಿ ಹೂ ಬಿದ್ದಿವೆ. ಇದರಿಂದ ಕಥೆಯ ಗುಟ್ಟು ಬಯಲಾಗುವುದಿಲ್ಲ. ಅಂಗಡಿಯಲ್ಲಿ ಹಿಂದಿನಿಂದ ಪುಟ ತಿರುವುವವರಿಗೆ ಅದು ಸುಮ್ನೆ ಒಂದು ಅಂಗಳ. ಓದಿ ಮುಗಿಸಿದವರು ಮಾತ್ರ ಮುಂದಕ್ಕೆ ತಿರುವಿ ಎರಡನ್ನೂ ಹೋಲಿಸಿ ನೋಡುತ್ತಾರೆ. ಕಟ್ಟಳೆ ಇಟ್ಟ ಗಳಿಗೆ ಮುಂದೆ, ಅದು ಸರಿಯಾಗಿ ನಡೆದ ಗಳಿಗೆ ಹಿಂದೆ. ಮುರಿದದ್ದೆಲ್ಲ ನಡುವಿನ 48 ಪುಟಗಳಲ್ಲಿ ಆಗಿಹೋಗಿರುತ್ತದೆ.

ಮುರಿದ ಕೊಂಬೆಗೆ ಬಟ್ಟೆ ಕಟ್ಟಿದ ಗಿಡವನ್ನು ಹಿಂದೆ ಬರೆಯುವ ಆಸೆ ನಿಮಗೆ ಬರಬಹುದು. ಒಳ್ಳೆಯ ಚಿತ್ರವೇ, ಆದರೆ ಅದು ಕಥೆಯ ಕೊನೆಯ ಪುಟಗಳಿಗೆ ಸೇರಿದ್ದು. ಅಲ್ಲಿ ಅದು ಈಗಾಗಲೇ ಇದೆ.

ನಿಮ್ಮ ಮೂರನೇ ಸ್ಕೆಚ್‌ಗೆ ಜಾಗ ಎಲ್ಲಿ ಅಂದೆನಲ್ಲ. ದೃಶ್ಯ ಬರೆಯಲು ಸಮಯ ಸಾಲದಿದ್ದರೆ ಆ ಹೂವಿನ ವಿನ್ಯಾಸವನ್ನೇ ಎಂಡ್‌ಪೇಪರ್ ಮಾಡಬಹುದು. ಆಗ ಎರಡು ಎಚ್ಚರ ಬೇಕು. ಒಂದು, ಒಳಗೆ ನೀವು ಬರೆದಿರುವುದು ಸಂಪಿಗೆ, ಉದ್ದನೆಯ ತೆಳ್ಳನೆ ಎಸಳು. ಸ್ಕೆಚ್‌ನಲ್ಲಿರುವುದು ದುಂಡು ಎಸಳಿನ ಯಾವುದೋ ಹೂ. ಗಿಡ ಒಂದೇ, ಹೂ ಒಂದೇ ಆಗಬೇಕು. ಎರಡು, ವಿನ್ಯಾಸ ಎಲ್ಲಿಂದ ಬಂತು ಅನ್ನುವುದಕ್ಕೆ ಕಥೆಯ ಒಳಗೆ ಬೇರು ಇರಬೇಕು. ಕಸೂತಿ ಚೆಂದ ಅಂತ ಗೋಪುರ, ತೇರು ತಂದು ತುಂಬಿದರೆ ಅದು ಬಡ ತಾಯಿಯ ಅಂಗಳದ ಮಾತಾಗುವುದಿಲ್ಲ. ನಿಮ್ಮ ಕಥೆಯ ಊರನ್ನು ಮಲೆನಾಡಿನ ಹಾಗೆ ಬರೆದಿದ್ದೀರಿ. ಅಲ್ಲಿಯ ದೀವರ ಸಮುದಾಯದ ಮನೆಗಳ ಗೋಡೆಯಲ್ಲಿ ಕೆಮ್ಮಣ್ಣಿನ ಮೇಲೆ ಅಕ್ಕಿ ಹಿಟ್ಟಿನ ಬಿಳಿಯಲ್ಲಿ ಬರೆಯುವ ಹಸೆ ಚಿತ್ತಾರ ಇದೆ. ಅದು ಮದುವೆಯ ಜೊತೆ ಬೆಸೆದುಕೊಂಡ ಕಲೆ, ನಿಮ್ಮ ಕಥೆಯ ನಡುವೆ ಒಂದು ಮದುವೆಯೂ ಇದೆ. ಅದನ್ನು ತರುವುದಾದರೆ ಚಿತ್ತಾರ ಬರೆಯುವವರ ಹತ್ತಿರ ಕೂತು ಕಲಿತು ತನ್ನಿ, ಅವರ ಹೆಸರನ್ನು ಪುಸ್ತಕದಲ್ಲಿ ಹಾಕಿ.

ಖರ್ಚಿನ ಮಾತು ಬಂದರೆ ಎಂಡ್‌ಪೇಪರ್‌ಗೆ ನಾಲ್ಕು ಬಣ್ಣ ಬೇಕೇ ಬೇಕು ಅಂತಿಲ್ಲ. ಒಂದೇ ವಿಶೇಷ ಶಾಯಿಯಲ್ಲಿ, ಅಂದರೆ ಕೆಮ್ಮಣ್ಣಿನ ಬಣ್ಣವನ್ನೇ ಕಲಸಿ ಅಚ್ಚು ಮಾಡಿಸಬಹುದು. ಹೊಳಪಿಲ್ಲದ ಕಾಗದ ಶಾಯಿಯನ್ನು ಹೀರಿಕೊಳ್ಳುತ್ತದೆ, ನಾಲ್ಕು ಬಣ್ಣದ ಚಿತ್ರ ಪರದೆಯಲ್ಲಿ ಕಂಡದ್ದಕ್ಕಿಂತ ಮಂಕಾಗುತ್ತದೆ. ಒಂದೇ ಶಾಯಿಯಾದರೆ ಬಣ್ಣ ಗಟ್ಟಿಯಾಗಿ ನಿಲ್ಲುತ್ತದೆ, ಪ್ಲೇಟಿನ ಖರ್ಚೂ ಇಳಿಯುತ್ತದೆ. ಅಂಗಳದ ಚಿತ್ರ ಒಂದೇ ಬಣ್ಣದಲ್ಲಿ ಇನ್ನೂ ಚೆನ್ನಾಗಿ ಬರುತ್ತದೆ ಅನ್ನುವುದು ನನ್ನ ನಂಬಿಕೆ. ಬಲಗಡೆಯ ಬಿಡಿ ಹಾಳೆಯಲ್ಲಿ, ಮೇಲ್ಭಾಗದಲ್ಲಿ, ಪೆನ್ನು ಹಿಡಿಯುವ ಹಾಗೆ ತಿಳಿಯಾದ ಜಾಗ ಬಿಡಿ. ಮಗು ತನ್ನ ಹೆಸರು ಬರೆಯುವುದು ಅಲ್ಲೇ. ಶಾಲೆಯ ಲೈಬ್ರರಿಯ ಸೀಲು ಬೀಳುವುದೂ ಅಲ್ಲೇ.

ಈಗ ಅಳತೆಗಳು. ಗಟ್ಟಿ ಬೈಂಡಿಂಗ್‌ನಲ್ಲಿ ರಟ್ಟು ಪುಟಕ್ಕಿಂತ ಮೂರೂ ಹೊರ ಅಂಚಿನಲ್ಲಿ ಸುಮಾರು 3 ಮಿ.ಮೀ. ಹೊರಗೆ ಚಾಚಿರುತ್ತದೆ. ಅಂದರೆ 280 ಎತ್ತರದ ಪುಟಕ್ಕೆ 286 ಎತ್ತರದ ರಟ್ಟು. ಕವರ್ ಹಾಳೆ ರಟ್ಟನ್ನು ಸುತ್ತಿ ಒಳಕ್ಕೆ ಮಡಚಿಕೊಳ್ಳಬೇಕು. ಅದಕ್ಕೆ ಎಲ್ಲ ಕಡೆ 18ರಿಂದ 20 ಮಿ.ಮೀ. ಚಿತ್ರ ಮುಂದುವರಿಯಬೇಕು, ಕತ್ತರಿಸುವಾಗ ಹೋಗಲಿ ಅಂತ ಅಂಚಿನಾಚೆ ಬಿಡುವ ಮಾಮೂಲಿ 3 ಮಿ.ಮೀ. ಬ್ಲೀಡ್ ಸಾಲದು. ಕವರ್ ಚಿತ್ರ ಶುರು ಮಾಡುವ ಮುಂಚೆ ಇದನ್ನು ತಿಳಿದಿರಬೇಕು. ಮುಗಿದ ಚಿತ್ರದ ಸುತ್ತ ಎರಡು ಸೆಂಟಿಮೀಟರ್ ಹೊಸದಾಗಿ ಬೆಳೆಸುವುದು ಬಹಳ ಕಷ್ಟ.

ಎಂಡ್‌ಪೇಪರ್ ಅಂಟಿಸಿದ ಮೇಲೂ ರಟ್ಟಿನ ಒಳಗಡೆ ಮೂರು ಅಂಚಿನಲ್ಲಿ ಆ 3 ಮಿ.ಮೀ. ಪಟ್ಟಿ ಕಾಣುತ್ತಲೇ ಇರುತ್ತದೆ. ಒಳಕ್ಕೆ ಮಡಚಿದ ಕವರ್‌ನ ಬಣ್ಣ ಅದು. ಬಹಳ ಜನ ಇದನ್ನು ಗಮನಿಸುವುದಿಲ್ಲ. ಕವರ್‌ನ ಅಂಚು ಹಸಿರಾಗಿದ್ದು ಎಂಡ್‌ಪೇಪರ್ ಕೆಮ್ಮಣ್ಣಾದರೆ ಪುಸ್ತಕ ತೆರೆದ ಕೂಡಲೇ ಹಸಿರು ಚೌಕಟ್ಟು ಕಾಣುತ್ತದೆ. ಬೇಕು ಅಂತ ಮಾಡಿದ್ದರೆ ಚೆಂದ, ತಾನಾಗಿ ಆದರೆ ಕಿರಿಕಿರಿ. ನಿಮ್ಮ ಕವರ್‌ನ ಅಂಚೆಲ್ಲ ಅಂಗಳದ ಮಣ್ಣಿನ ಬಣ್ಣಕ್ಕೆ ಬಂದು ಮುಗಿಯಲಿ. ಆಗ ಹೊರಗಿನ ಅಂಗಳ ಮತ್ತು ಒಳಗಿನ ಅಂಗಳ ಸೇರಿಕೊಳ್ಳುತ್ತವೆ.

ಬೆನ್ನಿನ ದಪ್ಪ ಹೀಗೆ ಲೆಕ್ಕ ಹಾಕಿ. 130 ಜಿಎಸ್‌ಎಂ ಮ್ಯಾಟ್ ಆರ್ಟ್ ಪೇಪರ್‌ನ ಒಂದು ಹಾಳೆ ಸುಮಾರು 0.12 ಮಿ.ಮೀ. 48 ಪುಟ ಅಂದರೆ 24 ಹಾಳೆ, ಹತ್ತಿರ ಹತ್ತಿರ 3 ಮಿ.ಮೀ. ಎಂಡ್‌ಪೇಪರ್ ಸೇರಿದರೆ ಮೂರೂವರೆ. ಜೊತೆಗೆ ಎರಡು ರಟ್ಟಿನ ದಪ್ಪ: ತಲಾ 2.5 ಆದರೆ 5. ಒಟ್ಟು ಎಂಟೂವರೆ ಮಿ.ಮೀ. ಆಸುಪಾಸು. ಇದು ಅಂದಾಜು ಮಾತ್ರ, ಕೊನೆಯ ಅಳತೆ ಬೈಂಡರ್ ಕೊಡಬೇಕು. ಅದೇ ಕಾಗದ, ಅದೇ ರಟ್ಟು ಹಾಕಿ ಒಂದು ಖಾಲಿ ಡಮ್ಮಿ ಮಾಡಿಸಿಕೊಡಿ ಅಂತ ಕೇಳಿ. ಅಳತೆ ಪಟ್ಟಿ ಹಿಡಿದು ನೀವೇ ಅಳೆಯಿರಿ. ಎಂಟು ಮಿ.ಮೀ. ಬೆನ್ನಿನಲ್ಲಿ ಕನ್ನಡ ಶೀರ್ಷಿಕೆ ಹಿಡಿಸುವುದು ಸುಲಭ ಅಲ್ಲ. ಒತ್ತಿಗೂ ಗುಡಿಸಿಗೂ ಜಾಗ ಬಿಟ್ಟರೆ ಅಕ್ಷರದ ಒಡಲಿಗೆ ಮೂರು ಮಿ.ಮೀ. ಉಳಿಯುತ್ತದೆ. ಹಾಗಾಗಿ ಬೆನ್ನಿಗೆ ತೆಳು ಗೆರೆಯ ಅಕ್ಷರ ಬೇಡ, ತುಂಬು ಅಕ್ಷರ ಇರಲಿ. ಬೆನ್ನಿನ ಪಕ್ಕದಲ್ಲಿ ರಟ್ಟು ಮಡಚುವ ತಗ್ಗು 7ರಿಂದ 10 ಮಿ.ಮೀ. ಇರುತ್ತದೆ. ಆ ತಗ್ಗಿನಲ್ಲಿ ಮುಖ, ಕೈ, ಅಕ್ಷರ ಯಾವುದೂ ಬೀಳದಿರಲಿ.

ಕಾಗದದ ನಾರಿನ ದಿಕ್ಕು ಬೆನ್ನಿಗೆ ಸಮಾನಾಂತರ ಇರಬೇಕು. ಇಲ್ಲದಿದ್ದರೆ ಅಂಟಿನ ತೇವಕ್ಕೆ ಎಂಡ್‌ಪೇಪರ್ ಬೆನ್ನಿನ ಉದ್ದಕ್ಕೇ ಹಿಗ್ಗಿ, ಒಣಗುವಾಗ ಸುಕ್ಕುಗಟ್ಟಿ, ರಟ್ಟನ್ನೂ ಬಾಗಿಸುತ್ತದೆ. ಮಳೆಗಾಲದಲ್ಲಿ ಇದು ಎದ್ದು ಕಾಣುತ್ತದೆ. ಪರೀಕ್ಷೆ ಮಾಡುವುದು ಸುಲಭ. ಆ ಕಾಗದದ ಒಂದು ಚಿಕ್ಕ ಚೌಕ ಕತ್ತರಿಸಿ, ಒಂದು ಮುಖವನ್ನು ಒದ್ದೆ ಮಾಡಿ. ಕಾಗದ ಕೊಳವೆಯಾಗಿ ಸುತ್ತಿಕೊಳ್ಳುತ್ತದೆ. ಕೊಳವೆ ಉದ್ದಕ್ಕೆ ಚಾಚಿರುವ ದಿಕ್ಕೇ ನಾರಿನ ದಿಕ್ಕು. ರಟ್ಟಿಗೆ ಅಂಟುವ ಮುಖದ ಮೇಲೆ ವಾರ್ನಿಶ್, ಲ್ಯಾಮಿನೇಶನ್ ಏನೂ ಇರಬಾರದು, ಅಂಟು ಹಿಡಿಯುವುದಿಲ್ಲ.

ಕವರ್‌ಗೆ ಲ್ಯಾಮಿನೇಶನ್ ಬೇಕೇ ಬೇಕು, ಮಕ್ಕಳ ಪುಸ್ತಕ. ಜಲವರ್ಣಕ್ಕೆ ಮ್ಯಾಟ್ ಹೊಂದುತ್ತದೆ. ಆದರೆ ಮ್ಯಾಟ್‌ನಲ್ಲಿ ಗಾಢ ಬಣ್ಣದ ಮೇಲೆ ಗೀರು ಬೇಗ ಕಾಣುತ್ತದೆ. ಮಣ್ಣಿನ ಬಣ್ಣದ ಅಂಚು ಅಲ್ಲಿಯೂ ನಿಮ್ಮನ್ನು ಉಳಿಸುತ್ತದೆ. ಸ್ಪಾಟ್ ಯುವಿ, ಅಂದರೆ ಆರಿಸಿದ ಜಾಗಕ್ಕೆ ಮಾತ್ರ ಹೊಳಪಿನ ಲೇಪ, ಹಾಕುವ ಆಸೆ ಇದ್ದರೆ ಒಂದೇ ಕಡೆ ಹಾಕಿಸಿ, ಕೊಡದ ಬಾಯಲ್ಲಿ ಉಬ್ಬಿ ನಿಂತ ನೀರಿಗೆ. ಶೀರ್ಷಿಕೆಗೂ ಹೂವಿಗೂ ಕೊಡಕ್ಕೂ ಎಲ್ಲಕ್ಕೂ ಹಾಕಿಸಿದರೆ ನೀರು ಕಾಣದೇ ಹೋಗುತ್ತದೆ. ಯುವಿ ಪ್ಲೇಟ್ ಕೊಂಚ ಜಾರಬಹುದು. ಅದಕ್ಕೆ ನೀರಿನ ಅಂಚನ್ನು ಕೂದಲು ಗೆರೆಯಲ್ಲಿ ಮುಗಿಸದೆ ತುಸು ಮೃದು ಮಾಡಿ.

ಕೊನೆಗೆ ಸರಣಿಯ ಪ್ರಶ್ನೆ. ಕನ್ನಡದಲ್ಲಿ ಇಂಥ ಸರಣಿಗೆ ಹಳೆಯ ನಂಟಿದೆ. ಅಮರ ಚಿತ್ರ ಕಥೆ ಅಂದಕೂಡಲೇ ನಮಗೆ ಪುರಾಣ ನೆನಪಾಗುತ್ತದೆ, ಆದರೆ 1965ರಲ್ಲಿ ಬೆಂಗಳೂರಿನ ಐಬಿಎಚ್ ಪ್ರಕಾಶನದಲ್ಲಿ ಜಿ.ಕೆ. ಅನಂತರಾಮ್ ಅದನ್ನು ಶುರು ಮಾಡಿದ್ದು ಕನ್ನಡದಲ್ಲಿ, ಪಶ್ಚಿಮದ ಕಿನ್ನರಿ ಕಥೆಗಳಿಂದ. ಇಂಗ್ಲಿಷ್ ಸರಣಿಯ ಸಂಖ್ಯೆ 11ರಿಂದ ಶುರುವಾಗುವುದು ಮೊದಲ ಹತ್ತು ಆ ಕಥೆಗಳಿಗೆ ಹೋಗಿದ್ದರಿಂದ. ಅವು ಪಿನ್ ಹೊಡೆದ ತೆಳು ಪುಸ್ತಕಗಳು, ಎಂಡ್‌ಪೇಪರ್‌ಗೆ ಅಲ್ಲಿ ಜಾಗವೇ ಇರಲಿಲ್ಲ. ನಿಮಗೆ ಆ ಜಾಗ ಸಿಕ್ಕಿದೆ.

ಸರಣಿಯನ್ನು ಒಂದಾಗಿ ಕಾಣಿಸಲು ಹಿಂದಿನವರು ಬೇರೆ ಬೇರೆ ದಾರಿ ಹಿಡಿದಿದ್ದಾರೆ. ಆಂಡ್ರ್ಯೂ ಲ್ಯಾಂಗ್ ಅವರ ಕಿನ್ನರಿ ಕಥೆಗಳ ಹನ್ನೆರಡು ಸಂಪುಟಗಳು 1889ರಿಂದ 1910ರವರೆಗೆ ಲಂಡನ್ನಿನಲ್ಲಿ ಬಂದವು. ಪ್ರತಿ ಸಂಪುಟಕ್ಕೂ ಒಂದು ಬಣ್ಣ, ಆ ಬಣ್ಣವೇ ಹೆಸರು. ರಷ್ಯಾದ ಚಿತ್ರಕಾರ ಇವಾನ್ ಬಿಲಿಬಿನ್ 1901ರಿಂದ 1903ರವರೆಗೆ ಪೀಟರ್ಸ್‌ಬರ್ಗ್‌ನಲ್ಲಿ ತಂದ ತೆಳು, ದೊಡ್ಡ ಅಳತೆಯ ಕಥೆ ಪುಸ್ತಕಗಳಿಗೆ ಒಂದೇ ಕವರ್ ಚೌಕಟ್ಟು ಇತ್ತು. ಕುದುರೆ ಏರಿದ ವೀರರು, ಹಕ್ಕಿಗಳು, ಮುದುಕಿ ಮಾಟಗಾತಿ ಎಲ್ಲ ಅದರಲ್ಲಿ ಸುತ್ತುಗಟ್ಟಿದ್ದರು. ಅಚ್ಚು ಹಾಕಿದ್ದು ಸರ್ಕಾರದ ನೋಟು ಮುದ್ರಿಸುವ ಅಚ್ಚುಕೂಟ. ಆ ಚೌಕಟ್ಟಿನ ಗೆರೆಯ ಕರಾರುವಾಕ್ಕು ಇವತ್ತಿಗೂ ನೋಡಿ ಕಲಿಯುವಂಥದ್ದು. ನಿಮಗೆ ಚೌಕಟ್ಟು ಹೊಂದುವುದಿಲ್ಲ, ಅಂಗಳದ ಚಿತ್ರ ಬಯಲಾಗಿ ಹರಡಬೇಕು. ಲ್ಯಾಂಗ್ ಅವರ ದಾರಿ ಹಿಡಿಯಿರಿ. ಪ್ರತಿ ಪುಸ್ತಕಕ್ಕೆ ಒಂದು ನೆಲದ ಬಣ್ಣ, ಎಂಡ್‌ಪೇಪರ್ ಅದೇ ಬಣ್ಣದ ಒಂದೇ ಶಾಯಿಯಲ್ಲಿ. ಮೂರು ಕವರ್‌ನಲ್ಲೂ ಎರಡು ಕೈ, ಆ ಕಥೆಯ ಕಟ್ಟಳೆಯ ವಸ್ತು. ಮೂರರಲ್ಲೂ ಹಿಂದಿನ ಎಂಡ್‌ಪೇಪರ್ ಮುಂದಿನದರ ಅದೇ ಜಾಗ, ಕಥೆ ನಡೆದ ಮೇಲೆ.

ಬೆನ್ನಿನ ಮೇಲೆ ಶೀರ್ಷಿಕೆ ಮೇಲಿನಿಂದ ಎಷ್ಟು ಮಿ.ಮೀ.ಗೆ ಶುರುವಾಗುತ್ತದೆ, ಪ್ರಕಾಶಕರ ಗುರುತು ಕೆಳಗಿನಿಂದ ಎಷ್ಟು ಎತ್ತರದಲ್ಲಿದೆ, ಕಾಗದ ಯಾವುದು, ಎಂಡ್‌ಪೇಪರ್‌ನ ಶಾಯಿ ಹೇಗೆ ಕಲಸಿದ್ದು, ಲ್ಯಾಮಿನೇಶನ್ ಯಾವುದು, ಇಷ್ಟನ್ನೂ ಮೊದಲ ಪುಸ್ತಕ ಅಚ್ಚಿಗೆ ಹೋದ ದಿನವೇ ಬರೆದಿಟ್ಟುಕೊಳ್ಳಿ. ಒಂದು ಪ್ರತಿ ನಿಮ್ಮ ಹತ್ತಿರ, ಒಂದು ಪ್ರಕಾಶಕರ ಹತ್ತಿರ ಇರಲಿ. ಮೂರನೇ ಪುಸ್ತಕದ ಹೊತ್ತಿಗೆ ಪ್ರೆಸ್ ಬದಲಾಗಿದ್ದರೂ ಕಪಾಟಿನಲ್ಲಿ ಮೂರೂ ಒಂದೇ ಸಾಲಿಗೆ ನಿಲ್ಲುತ್ತವೆ. ಕೈಗಳ ಹೊಸ ಸ್ಕೆಚ್ ಆದಾಗ ಕಳಿಸಿ. ಬಣ್ಣ ಹಾಕುವ ಮುಂಚೆ, ಬರೀ ಪೆನ್ಸಿಲ್ ಗೆರೆಯಲ್ಲೇ ನೋಡೋಣ.